ಯೋಜನೆಗೂ ಒಂದು ಕೋಡಿ ಬೇಕು

ಯಾವುದಾದರೂ ಹಳೆಯ ಕೆರೆಯ ಏರಿಯ ಮೇಲೆ ಈ ಕೊನೆಯಿಂದ ಆ ಕೊನೆಯವರೆಗೆ ನಡೆದುಹೋದರೆ ನಿಮಗೆ ಮೂರು ಅಂಗಗಳು ಕಾಣಸಿಗುತ್ತವೆ. ಒಂದು, ನೀರನ್ನು ತಡೆದು ನಿಲ್ಲಿಸುವ ಏರಿ. ಎರಡು, ಬೇಕಾದಾಗ ಬೇಕಾದಷ್ಟು ನೀರನ್ನು ಗದ್ದೆಗೆ ಬಿಡುವ ತೂಬು. ಮೂರು, ಒಂದು ಪಕ್ಕದಲ್ಲಿ ಏರಿಗಿಂತ ತಗ್ಗಾಗಿ ಕಲ್ಲು ಹಾಸಿ ಕಟ್ಟಿದ ಕೋಡಿ. ಏರಿ ತೂಬುಗಳ ಪ್ರಯೋಜನವನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕೋಡಿಯ ಪ್ರಯೋಜನವಾದರೋ ಹತ್ತು ವರ್ಷಕ್ಕೊಮ್ಮೆ, ಕೆಲವು ಕಡೆ ಅದಕ್ಕಿಂತಲೂ ಅಪರೂಪವಾಗಿ, ಕಾಣಿಸಿಕೊಳ್ಳುವಂಥದು. ಉಳಿದ ಕಾಲದಲ್ಲಿ ಅದು ಒಣಗಿ ಬಿದ್ದಿರುತ್ತದೆ. ದನ ಕಾಯುವ ಹುಡುಗರು ಅದರ ಮೇಲೆ ಕುಳಿತು ಹರಟುತ್ತಾರೆ. ಹೀಗಿದ್ದೂ ಕೆರೆ ಕಟ್ಟಿಸಿದವನು ಅದಕ್ಕಾಗಿ ಕಲ್ಲು ತರಿಸಿದ, ಕೂಲಿ ಕೊಟ್ಟ. ಏಕೆ? ತಾನು ಎಣಿಸಿದ್ದಕ್ಕಿಂತ ಹೆಚ್ಚು ನೀರು ಒಂದಲ್ಲ ಒಂದು ದಿನ ಬಂದೇ ಬರುತ್ತದೆಂದು ಅವನಿಗೆ ಗೊತ್ತಿತ್ತು. ಆ ದಿನ ನೀರಿಗೆ ನಾವು ದಾರಿ ಬಿಟ್ಟಿರದಿದ್ದರೆ ಅದು ಏರಿಯನ್ನೇ ಒಡೆದು ದಾರಿ ಮಾಡಿಕೊಳ್ಳುತ್ತದೆ. ಏರಿಯ ಕೆಳಗಿನ ಊರು ಉಳಿಯುವುದಿಲ್ಲ.

ಕೆರೆಗೆ ಕೋಡಿ ಹೇಗೋ ಹಾಗೆ ನಾಡಿನ ಪ್ರತಿಯೊಂದು ಯೋಜನೆಗೂ, ಅದು ರಸ್ತೆಯಾಗಲಿ, ಶಾಲೆಯಾಗಲಿ, ಬಡಾವಣೆಯಾಗಲಿ, ವಿಪತ್ತಿನ ದಿನದ ಲೆಕ್ಕ ಮೊದಲೇ ಸೇರಿರಬೇಕು. ಇದೇ ಈ ಲೇಖನದಲ್ಲಿ ಹೇಳಬೇಕೆಂದಿರುವ ಮಾತು. ವಿಪತ್ತು ಬಂದ ಮೇಲೆ ಗಂಜಿ ಕೇಂದ್ರ ತೆರೆಯುವುದು, ಪರಿಹಾರದ ಹಣ ಹಂಚುವುದು ಬೇಡವೆಂದಲ್ಲ. ಅದು ಮನುಷ್ಯಧರ್ಮ. ಆದರೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದನ್ನೇ ನಾವು ಆಡಳಿತವೆಂದು ಕರೆಯುತ್ತ ಬಂದರೆ, ತೋಡಿದ ಬಾವಿಗೂ ಸುಟ್ಟ ಮನೆಗೂ ಎರಡೆರಡು ಖರ್ಚು ಬೀಳುತ್ತದೆ.

ಮೊದಲು ಮಾತಿನ ಅರ್ಥವನ್ನು ಸ್ಪಷ್ಟ ಮಾಡಿಕೊಳ್ಳೋಣ. ನಮ್ಮ ಪ್ರಾಚೀನರು ಈತಿಬಾಧೆಗಳು ಆರು ಎಂದು ಎಣಿಸಿದ್ದರು: ಅತಿವೃಷ್ಟಿ, ಅನಾವೃಷ್ಟಿ, ಇಲಿಗಳ ಕಾಟ, ಮಿಡಿತೆಗಳ ಕಾಟ, ಗಿಳಿಗಳ ಕಾಟ, ನೆರೆಯ ಅರಸರ ದಂಡು. ಇವು ಅಪಾಯಗಳು. ಅಪಾಯವೇ ವಿಪತ್ತಲ್ಲ. ಜನವಿಲ್ಲದ ದಟ್ಟ ಕಾಡಿನಲ್ಲಿ ಒಂದೇ ದಿನ ಒಂದಡಿ ಮಳೆ ಸುರಿದರೆ ಅದು ಬರಿಯ ಮಳೆ. ಅದೇ ಮಳೆ, ಬುಡ ಕಡಿದ ಗುಡ್ಡದ ಮೇಲೆ ಸುರಿದು, ಆ ಗುಡ್ಡದ ಕೆಳಗೆ ಹತ್ತು ಮನೆಗಳಿದ್ದರೆ ಅದು ವಿಪತ್ತು. ಆದ್ದರಿಂದ ವಿಪತ್ತಾಗಲು ಮೂರು ಕೂಡಬೇಕು: ಅಪಾಯ ಬರಬೇಕು, ಅದರ ದಾರಿಯಲ್ಲಿ ಜನವೋ ಬೆಳೆಯೋ ಕಟ್ಟಡವೋ ಇರಬೇಕು, ಅಲ್ಲಿರುವುದಕ್ಕೆ ಪೆಟ್ಟು ತಾಳುವ ಶಕ್ತಿ ಇಲ್ಲದಿರಬೇಕು. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಎರಡನೆಯದೂ ಮೂರನೆಯದೂ ಬಹುಮಟ್ಟಿಗೆ ನಮ್ಮ ಕೈಯಲ್ಲಿವೆ. ಮನೆ ಎಲ್ಲಿ ಕಟ್ಟಬೇಕು, ಹೇಗೆ ಕಟ್ಟಬೇಕು ಎಂಬುದನ್ನು ಮೋಡವು ತೀರ್ಮಾನಿಸುವುದಿಲ್ಲ, ನಾವು ತೀರ್ಮಾನಿಸುತ್ತೇವೆ. ಯೋಜನೆಯೆಂದರೆ ಇಂಥ ತೀರ್ಮಾನಗಳ ಮೊತ್ತವಲ್ಲದೆ ಮತ್ತೇನು?

ಇದನ್ನು ಹೊಸಗಾಲದವರ ಕಲ್ಪನೆಯೆಂದು ತಿಳಿಯಬೇಕಾಗಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ತಾಳೆಯೋಲೆಯಿಂದ ಶೋಧಿಸಿ ೧೯೦೯ರಲ್ಲಿ ಅಚ್ಚು ಹಾಕಿಸಿದವರು ನಮ್ಮ ಆರ್. ಶಾಮಾಶಾಸ್ತ್ರಿಗಳು. ಆ ಗ್ರಂಥದ ನಾಲ್ಕನೆಯ ಅಧಿಕರಣದಲ್ಲಿ ಎಂಟು ಮಹಾಭಯಗಳ ಮಾತು ಬರುತ್ತದೆ. ಬೆಂಕಿ, ಪ್ರವಾಹ, ವ್ಯಾಧಿ, ದುರ್ಭಿಕ್ಷ ಇವು ಅವುಗಳಲ್ಲಿ ಮೊದಲಿನವು. ಇವನ್ನು ದೈವಕೃತ ಎಂದು ಕರೆದೂ ಕೌಟಿಲ್ಯ ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಬೇಸಿಗೆಯಲ್ಲಿ ಹಳ್ಳಿಯವರು ಒಲೆಯನ್ನು ಮನೆಯ ಹೊರಗೆ ಹೂಡಬೇಕು ಎನ್ನುತ್ತಾನೆ. ನದೀತೀರದ ಊರವರು ಮಳೆಗಾಲದಲ್ಲಿ ಪ್ರವಾಹ ಬರುವ ದಡವನ್ನು ಬಿಟ್ಟು ಬೇರೆಡೆ ವಾಸಿಸಬೇಕು, ಮರದ ದಿಮ್ಮಿ, ಬಿದಿರು, ದೋಣಿಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು ಎನ್ನುತ್ತಾನೆ. ಕ್ಷಾಮದಲ್ಲಿ ಅರಸನು ಜನಕ್ಕೆ ಬೀಜವನ್ನೂ ಅನ್ನವನ್ನೂ ಒದಗಿಸಬೇಕು, ಇಲ್ಲವೆ ಅನ್ನ ಕೊಟ್ಟು ಕೋಟೆ ಕಟ್ಟೆಗಳ ಕೆಲಸ ಮಾಡಿಸಬೇಕು ಎಂದೂ ಹೇಳುತ್ತಾನೆ. ಇವತ್ತಿನ ಪರಿಭಾಷೆಯಲ್ಲಿ ಹೇಳುವುದಾದರೆ ಇವೆಲ್ಲ ತಡೆಗಟ್ಟುವಿಕೆ, ಸನ್ನದ್ಧತೆ, ಪರಿಹಾರ.

ಇನ್ನೊಂದು ನಿದರ್ಶನ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ೧೩೬೯ರಲ್ಲಿ ಈಗಿನ ಕಡಪ ಜಿಲ್ಲೆಯ ಪೊರುಮಾಮಿಳ್ಳದಲ್ಲಿ ಬರೆಸಿದ ಸಂಸ್ಕೃತ ಶಾಸನ ಕೆರೆ ಕಟ್ಟುವವರಿಗೆ ಒಂದು ಪಾಠಪುಸ್ತಕದಂತಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಹೇಳಿದ ಮೇಲೆ ಶಾಸನವು ಆರು ದೋಷಗಳನ್ನೂ ಹೇಳುತ್ತದೆ. ಏರಿಯಿಂದ ನೀರು ಜಿನುಗುವುದು ಒಂದು ದೋಷ. ನೀರು ಕಡಮೆಯಿದ್ದು ನೆಲ ಅತಿಯಾಗಿರುವುದು ಒಂದು. ನೆಲ ಕಡಮೆಯಿದ್ದು ನೀರು ಅತಿಯಾಗಿರುವುದು ಇನ್ನೊಂದು. ಗುಣಗಳೊಡನೆ ದೋಷಗಳ ಪಟ್ಟಿಯನ್ನೂ ಕಲ್ಲಿನಲ್ಲಿ ಕೆತ್ತಿಸಿದ ಆ ವಿವೇಕವನ್ನು ಗಮನಿಸಿ. ನಮ್ಮ ಯೋಜನೆಗಳ ಉದ್ಘಾಟನೆಯ ಕಲ್ಲುಗಳಲ್ಲಿ ಹೆಸರುಗಳಿರುತ್ತವೆ, ಮೊತ್ತವಿರುತ್ತದೆ. ದೋಷದ ಎಚ್ಚರಿಕೆ ಇರುವುದಿಲ್ಲ.

ಕೋಡಿ ಸಾಲದೆ ಹೋದರೆ ಏನಾಗುತ್ತದೆಂಬುದಕ್ಕೆ ಗುಜರಾತಿನ ಮೋರ್ಬಿ ಪಟ್ಟಣ ಸಾಕ್ಷಿ. ಅಲ್ಲಿನ ಮಚ್ಚು ನದಿಯ ಎರಡನೆಯ ಅಣೆಕಟ್ಟಿನ ಕೋಡಿಯನ್ನು ಸೆಕೆಂಡಿಗೆ ಸುಮಾರು ೫,೬೦೦ ಘನ ಮೀಟರು ನೀರು ಹರಿದುಹೋಗುವಂತೆ ಲೆಕ್ಕ ಹಾಕಿ ಕಟ್ಟಿದ್ದರು. ೧೯೭೯ರ ಆಗಸ್ಟ್ ೧೧ರಂದು ಬಂದ ನೀರು ಅದರ ಮೂರರಷ್ಟರ ಹತ್ತಿರ. ಮಣ್ಣಿನ ಏರಿ ಒಡೆದು ಸಾವಿರಾರು ಜನ ಸತ್ತರು. ಆಮೇಲೆ ಅದೇ ಅಣೆಕಟ್ಟನ್ನು ಮತ್ತೆ ಕಟ್ಟುವಾಗ ಕೋಡಿಯನ್ನು ಸುಮಾರು ೨೧,೦೦೦ ಘನ ಮೀಟರಿಗೆ ಹಿಗ್ಗಿಸಿದರು. ಲೆಕ್ಕ ತಿದ್ದಿತು, ಆದರೆ ತಿದ್ದುವುದಕ್ಕೆ ಕೊಟ್ಟ ಬೆಲೆ ಅಷ್ಟು.

ನಮ್ಮ ನಾಡಿನ ಅತಿ ದೊಡ್ಡ ಪಾಠವೆಂದರೆ ಧಾತು ಸಂವತ್ಸರದ ಬರ. ೧೮೭೬ರಿಂದ ೧೮೭೮ರವರೆಗಿನ ಆ ಕ್ಷಾಮದ ಲೆಕ್ಕ ಜನಗಣತಿಯಲ್ಲಿಯೇ ಉಳಿದಿದೆ. ೧೮೭೧ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ೫೦ ಲಕ್ಷಕ್ಕೆ ಮಿಗಿಲು; ೧೮೮೧ರಲ್ಲಿ ಅದು ೪೨ ಲಕ್ಷದೊಳಗೆ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ನಾಡು ಎಂಟೂವರೆ ಲಕ್ಷಕ್ಕೂ ಹೆಚ್ಚು ಕುಗ್ಗಿತ್ತು. ಬೆಂಗಳೂರಿನವರೆಗೆ ರೈಲು ಬಂದಿತ್ತು, ಮದರಾಸಿನ ಕಡೆಯಿಂದ ಧಾನ್ಯವೂ ಬರಬಹುದಾಗಿತ್ತು. ಆದರೆ ಅಲ್ಲಿಂದ ಒಳನಾಡಿಗೆ ಸಾಗಿಸುವುದು ಹೇಗೆ? ಗಾಡಿ ಎಳೆಯಬೇಕಾದ ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. ಮಳೆ ಬಾರದ್ದು ಅಪಾಯ. ದಾರಿ ಇಲ್ಲದ್ದು, ನೀರಿನ ಆಸರೆ ಇಲ್ಲದ್ದು, ಕೂಲಿ ಇಲ್ಲದ್ದು, ಇವು ಸೇರಿ ಅದನ್ನು ಮಹಾವಿಪತ್ತು ಮಾಡಿದವು.

ಅಂದಿನ ಆಡಳಿತಗಾರರು ಇದರಿಂದ ಕಲಿತರು. ೧೮೮೦ರಲ್ಲಿ ಕ್ಷಾಮ ಆಯೋಗ ತನ್ನ ವರದಿ ಕೊಟ್ಟಿತು. ಅದರ ಬೆನ್ನಿಗೇ ಕ್ಷಾಮ ಸಂಹಿತೆಗಳು ಹುಟ್ಟಿಕೊಂಡವು. ಬರದ ಲಕ್ಷಣಗಳೇನು, ಅವನ್ನು ಯಾರು ಗಮನಿಸಬೇಕು, ಯಾವ ಅಧಿಕಾರಿ ಯಾವ ಕೆಲಸ ತೆರೆಯಬೇಕು ಎಂಬುದನ್ನು ಬರ ಬರುವ ಮುಂಚೆಯೇ ಬರೆದಿಡುವ ಪದ್ಧತಿ ಅಲ್ಲಿಂದ ಬೆಳೆಯಿತು. ಬೆಂಗಳೂರಿನಿಂದ ಮೈಸೂರಿಗೆ ರೈಲುಹಾದಿ ೧೮೮೨ರಲ್ಲಿ ಪೂರ್ಣವಾಯಿತು. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಕಟ್ಟೆ, ಅಂದರೆ ವಾಣಿವಿಲಾಸ ಸಾಗರ, ೧೯೦೭ರಲ್ಲಿ ಮುಗಿಯಿತು. ಬಳ್ಳಾರಿ ರಾಯಲಸೀಮೆಗಳ ಬರವನ್ನು ನೀಗಬೇಕೆಂಬ ಹಂಬಲವೇ ಮುಂದೆ ತುಂಗಭದ್ರಾ ಯೋಜನೆಯಾಯಿತು. ಇವು ಅಭಿವೃದ್ಧಿಯ ಕೆಲಸಗಳೆ, ವಿಪತ್ತನ್ನು ತಡೆಯುವ ಕೆಲಸಗಳೆ? ಎರಡೂ ಹೌದು. ಬೇರ್ಪಡಿಸಲು ಬಾರದಂತೆ ಎರಡೂ ಒಂದೇ ಆಗಿದ್ದುದೇ ಅವುಗಳ ಹಿರಿಮೆ.

ಮಾರಿಕಣಿವೆಯ ಬಗ್ಗೆ ಇನ್ನೂ ಒಂದು ಮಾತು. ೧೯೩೩ರಲ್ಲಿ ಒಮ್ಮೆ ಕೋಡಿ ಬಿದ್ದಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು ೨೦೨೨ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷಗಳ ಮೇಲೆ. ನಡುವೆ ಮೂರು ತಲೆಮಾರು ಹುಟ್ಟಿ ಬೆಳೆದರು. "ಈ ಕೋಡಿ ಯಾತಕ್ಕೆ, ಇದರ ದಾರಿಯಲ್ಲಿ ತೋಟ ಮಾಡಿದರೇನು, ಮನೆ ಕಟ್ಟಿದರೇನು" ಎಂದು ಯಾರಿಗಾದರೂ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಬರಗಾಲಕ್ಕೆಂದು ಕಟ್ಟಿದ ಕಟ್ಟೆಗೂ ಹೆಚ್ಚಿನ ನೀರಿನ ದಿನ ಬಂದೇ ಬಂದಿತು. ಮನುಷ್ಯನ ನೆನಪು ಚಿಕ್ಕದು. ನದಿಯ ನೆನಪು ದೊಡ್ಡದು.

ಈಗ ನಮ್ಮ ಕಾಲಕ್ಕೆ ಬರೋಣ. ೧೯೯೯ರ ಅಕ್ಟೋಬರ್ ೨೯ರಂದು ಒರಿಸ್ಸಾದ ಕರಾವಳಿಗೆ ಅಪ್ಪಳಿಸಿದ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಅದಾದ ಮೇಲೆ ಆ ರಾಜ್ಯ ಕೈಗೊಂಡ ಕೆಲಸ ನೋಡಿ. ವಿಪತ್ತು ನಿರ್ವಹಣೆಗೆಂದೇ ಒಂದು ಪ್ರಾಧಿಕಾರ ಸ್ಥಾಪಿಸಿತು. ಕರಾವಳಿಯುದ್ದಕ್ಕೂ ಕಂಬಗಳ ಮೇಲೆ ಎತ್ತರಿಸಿದ ಆಶ್ರಯ ಮಂದಿರಗಳನ್ನು ಕಟ್ಟಿಸಿತು. ಹಳ್ಳಿಹಳ್ಳಿಯಲ್ಲಿ ಸ್ವಯಂಸೇವಕರನ್ನು ತರಬೇತು ಮಾಡಿತು. ಹದಿನಾಲ್ಕು ವರ್ಷಗಳ ಮೇಲೆ, ೨೦೧೩ರ ಅಕ್ಟೋಬರ್ ೧೨ರಂದು, ಫೈಲಿನ್ ಎಂಬ ಅತಿ ತೀವ್ರ ಚಂಡಮಾರುತ ಗೋಪಾಲಪುರದ ಬಳಿ ನೆಲ ಮುಟ್ಟಿತು. ಅಷ್ಟರಲ್ಲಿ ಹತ್ತು ಲಕ್ಷದ ಹತ್ತಿರ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಿಯಾಗಿತ್ತು. ಸತ್ತವರ ಸಂಖ್ಯೆ ಐವತ್ತರೊಳಗೆ ನಿಂತಿತು. ಮನೆಗಳು ಬಿದ್ದವು, ಬೆಳೆ ಹೋಯಿತು, ನಿಜ. ಆದರೆ ಜನ ಉಳಿದರು. ಉಳಿದ ಜನ ಮತ್ತೆ ಮನೆ ಕಟ್ಟಿಕೊಳ್ಳಬಲ್ಲರು.

ಆ ಆಶ್ರಯ ಮಂದಿರಗಳ ವಿಷಯದಲ್ಲಿ ಉಪಾಧ್ಯಾಯನಾದ ನನಗೆ ಹಿಡಿಸಿದ ಸಂಗತಿಯೊಂದುಂಟು. ಅವುಗಳಲ್ಲಿ ಬಹಳಷ್ಟು ಕಟ್ಟಡಗಳು ಉಳಿದ ದಿನಗಳಲ್ಲಿ ಶಾಲೆಗಳು. ಇದು ಬಹಳ ಜಾಣತನದ ಏರ್ಪಾಡು. ವಿಪತ್ತಿಗೆಂದೇ ಕಟ್ಟಿ ಬೀಗ ಹಾಕಿದ ಕಟ್ಟಡದ ಗತಿ ಏನಾಗುತ್ತದೆಂದು ನಿಮಗೆ ಗೊತ್ತೇ ಇದೆ: ಬಾಗಿಲಿಗೆ ಗೆದ್ದಲು, ಗೋಡೆಗೆ ಬಿರುಕು, ಬೀಗದ ಕೈ ಯಾರ ಬಳಿಯೋ. ದಿನವೂ ಮಕ್ಕಳು ಬಂದು ಕೂರುವ ಕಟ್ಟಡದ ಮಾಡು ಸೋರಿದರೆ ಮರುದಿನವೇ ಊರಿಗೆ ಗೊತ್ತಾಗುತ್ತದೆ. ಚಂಡಮಾರುತದ ರಾತ್ರಿ ದಾರಿ ಕೇಳದೆ ಅಲ್ಲಿಗೆ ಓಡುತ್ತಾರೆ. ವಿಪತ್ತಿನ ಯೋಚನೆಯನ್ನು ಅಭಿವೃದ್ಧಿಯೊಳಗೆ ಬೆರೆಸುವುದೆಂದರೆ ಇದು: ಶಾಲೆಯ ಹಣದಲ್ಲೇ ಆಶ್ರಯ, ಆಶ್ರಯದ ಹೆಸರಿನಲ್ಲೇ ಶಾಲೆ.

ಬೆರೆಸದೆ ಹೋದರೆ ಅಭಿವೃದ್ಧಿಯೇ ವಿಪತ್ತನ್ನು ತಂದೊಡ್ಡುವುದುಂಟು. ಇದು ಕಹಿಯಾದ ಮಾತು, ಆದರೆ ಹೇಳಲೇಬೇಕು. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆ ಇದ್ದ ಕಡೆ ಬಸ್ ನಿಲ್ದಾಣ ಬಂದಿತು, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಒಂದು ಕೆರೆ ತುಂಬಿ ಮತ್ತೊಂದಕ್ಕೆ ಹರಿಯುತ್ತಿದ್ದ ರಾಜಕಾಲುವೆಗಳು ಎಷ್ಟೋ ಕಡೆ ಕಿರಿದಾದವು, ಮುಚ್ಚಿಹೋದವು. ೨೦೨೨ರ ಸೆಪ್ಟೆಂಬರಿನಲ್ಲಿ ಆ ನಗರದ ಹೊಸ ಬಡಾವಣೆಗಳಲ್ಲಿ ಜನರನ್ನು ದೋಣಿಯಲ್ಲೂ ಟ್ರ್ಯಾಕ್ಟರಿನಲ್ಲೂ ಸಾಗಿಸಬೇಕಾಯಿತು. ನೀರು ತನ್ನ ಹಳೆಯ ಮನೆಯನ್ನು ಹುಡುಕಿಕೊಂಡು ಬಂದಿತ್ತು, ಅಷ್ಟೆ. ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿಯ ಅಂಚಿನಲ್ಲಿದ್ದ ಗುಡ್ಡ ೨೦೨೪ರ ಜುಲೈ ೧೬ರಂದು ಕುಸಿದು, ರಸ್ತೆಯ ಪಕ್ಕದಲ್ಲಿದ್ದವರನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ರಸ್ತೆ ಅಗಲವಾಗುವುದು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಗುಡ್ಡದ ಬುಡ ಕಡಿದಾಗ ಅದರ ಮೈಗೆ ಆಸರೆ ಕೊಡುವುದು, ಮಳೆನೀರು ಇಳಿದುಹೋಗಲು ದಾರಿ ಬಿಡುವುದು ರಸ್ತೆಯದೇ ಭಾಗ. ಅದನ್ನು ಬಿಟ್ಟು ಲೆಕ್ಕ ಹಾಕಿದ ರಸ್ತೆ ಅಗ್ಗವಾಗಿ ಕಾಣುತ್ತದೆ. ವಾಸ್ತವವಾಗಿ ಅದರ ಬೆಲೆಯನ್ನು ಬೇರೆ ಯಾರೋ ತೆರುತ್ತಾರೆ. ಆ ಬೇರೆ ಯಾರೋ ಸಾಮಾನ್ಯವಾಗಿ ಬಡವರು. ತಗ್ಗಿನ ಜಾಗ, ಹಳ್ಳದ ದಂಡೆ, ಗುಡ್ಡದ ಅಂಚು, ಇವೇ ಅವರ ಪಾಲಿಗೆ ಉಳಿದ ನೆಲ.

ಕಾನೂನಿನಲ್ಲಿ ಇದಕ್ಕೆ ಅವಕಾಶವಿದೆಯೆ ಎಂದು ನೀವು ಕೇಳಬಹುದು. ಇದೆ. ಹತ್ತನೆಯ ಪಂಚವಾರ್ಷಿಕ ಯೋಜನೆಯಲ್ಲಿ, ಅಂದರೆ ೨೦೦೨ರಿಂದ ೨೦೦೭ರ ಅವಧಿಯದರಲ್ಲಿ, ವಿಪತ್ತು ನಿರ್ವಹಣೆಗೆ ಮೊದಲ ಸಲ ಒಂದು ಪ್ರತ್ಯೇಕ ಅಧ್ಯಾಯವೇ ಸೇರಿತು. ೨೦೦೫ರಲ್ಲಿ ವಿಪತ್ತು ನಿರ್ವಹಣಾ ಅಧಿನಿಯಮ ಬಂದಿತು. ಅದರಂತೆ ಕೇಂದ್ರದಲ್ಲಿ ಪ್ರಧಾನಮಂತ್ರಿ, ರಾಜ್ಯದಲ್ಲಿ ಮುಖ್ಯಮಂತ್ರಿ, ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ವಿಪತ್ತು ನಿರ್ವಹಣಾ ಪ್ರಾಧಿಕಾರದ ಮುಖ್ಯಸ್ಥರು. ಪ್ರತಿಯೊಂದು ಇಲಾಖೆಯೂ ತನ್ನ ಅಭಿವೃದ್ಧಿ ಯೋಜನೆಗಳಲ್ಲಿಯೇ ವಿಪತ್ತನ್ನು ತಡೆಯುವ ಕ್ರಮಗಳನ್ನು ಸೇರಿಸಬೇಕೆಂದು ಆ ಅಧಿನಿಯಮ ವಿಧಿಸುತ್ತದೆ. ೨೦೧೫ರ ಮಾರ್ಚಿಯಲ್ಲಿ ಜಪಾನಿನ ಸೆಂಡೈ ನಗರದಲ್ಲಿ ರಾಷ್ಟ್ರಗಳು ಸೇರಿ ೨೦೩೦ರವರೆಗೆ ಇದೇ ದಾರಿಯಲ್ಲಿ ನಡೆಯುವುದಾಗಿ ಒಪ್ಪಿದವು. ಭಾರತವೂ ಅದಕ್ಕೆ ಒಪ್ಪಿದೆ. ಹದಿನೈದನೆಯ ಹಣಕಾಸು ಆಯೋಗ ೨೦೨೧ರಿಂದ ೨೦೨೬ರವರೆಗಿನ ಅವಧಿಗೆ ವಿಪತ್ತಿನ ಹಣದಲ್ಲಿ ಐದರಲ್ಲಿ ಒಂದು ಪಾಲನ್ನು ತಡೆಗಟ್ಟುವ ಕೆಲಸಕ್ಕೇ ಮೀಸಲಿಡಬೇಕೆಂದಿತು. ನಮ್ಮ ರಾಜ್ಯವಂತೂ ೧೯೮೮ರಲ್ಲಿಯೇ ಬರದ ಮೇಲೆ ಕಣ್ಣಿಡಲು ಒಂದು ಘಟಕ ತೆರೆದಿತ್ತು. ಅದು ಬೆಳೆದು ಇಂದು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆ ಅಳೆಯುವ ಯಂತ್ರಗಳನ್ನು ಇಟ್ಟಿದೆ.

ಹಾಗಾದರೆ ಕೊರತೆ ಎಲ್ಲಿ? ನನಗೆ ತೋರುವಂತೆ ಎರಡು ಕಡೆ. ಮೊದಲನೆಯದು, ಆಗದ ವಿಪತ್ತು ಯಾರ ಕಣ್ಣಿಗೂ ಬೀಳುವುದಿಲ್ಲ. ನೆರೆಯಲ್ಲಿ ಅಕ್ಕಿ ಹಂಚಿದವರ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ನೆರೆಯೇ ಬಾರದಂತೆ ಕಾಲುವೆ ತೋಡಿಸಿದವರಿಗೆ ಹಾರ ಹಾಕುವವರಿಲ್ಲ. ಆದ್ದರಿಂದ ಹಣ ಕಡಮೆಬಿದ್ದಾಗ ಮೊದಲು ಹೊಡೆತ ಬೀಳುವುದು ಕೋಡಿಗೇ. ಎರಡನೆಯದು, ಕಟ್ಟುವ ಉತ್ಸಾಹ ನಮಗೆ ಕಾಪಾಡುವುದರಲ್ಲಿ ಇಲ್ಲ. ಹಿಂದೆ ನೀರುಗಂಟಿಯೆಂಬವನಿದ್ದ; ತೂಬು ಎತ್ತುವುದು ಇಳಿಸುವುದು, ಏರಿಯ ಬಿಲ ಬಿರುಕುಗಳನ್ನು ನೋಡುವುದು ಅವನ ಕೆಲಸ. ಎಷ್ಟೋ ಊರುಗಳಲ್ಲಿ ಆ ಹೆಸರೂ ಮರೆತುಹೋಗಿದೆ. ದೊಡ್ಡ ಕಟ್ಟೆಗಳಿಗೂ ಇದೇ ಮಾತು ಸಲ್ಲುತ್ತದೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರೆಯ ಮೂವತ್ತಮೂರು ಬಾಗಿಲುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ತುಂಡಾಗಿ ಬಾಗಿಲೇ ಕೊಚ್ಚಿಹೋಯಿತು. ಒಂದು ವಾರದೊಳಗೆ ತಡೆಹಲಗೆಗಳನ್ನು ಇಳಿಸಿ ನೀರನ್ನು ನಿಲ್ಲಿಸಿದ ತಜ್ಞರಿಗೂ ಕಾರ್ಮಿಕರಿಗೂ ನಾಡು ಋಣಿ. ಆದರೆ ಆ ಒಂದು ವಾರ ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರು ತಮ್ಮ ಬೆಳೆಯ ನೀರು ಹರಿದುಹೋಗುವುದನ್ನು ನೋಡುತ್ತ ನಿಂತಿದ್ದರು. ಒಂದು ಸರಪಳಿಯ ಬೆಲೆ ಎಷ್ಟು, ಆ ನೀರಿನ ಬೆಲೆ ಎಷ್ಟು?

"ನಮ್ಮಂಥ ಸಾಮಾನ್ಯರು ಇದರಲ್ಲಿ ಮಾಡುವುದೇನಿದೆ?" ಎಂದರೆ, ಇದೆ. ಯಾವ ಕೆಲಸದ ಪಟ್ಟಿ ನಿಮ್ಮ ಮುಂದೆ ಬಂದರೂ ನಾಲ್ಕು ಪ್ರಶ್ನೆಗಳನ್ನು ಕೇಳುವ ರೂಢಿ ಮಾಡಿಕೊಳ್ಳಿ. ಒಂದು: ಈ ಜಾಗದಲ್ಲಿ ಹಿಂದೆ ಏನಿತ್ತು, ಹೆಚ್ಚೆಂದರೆ ಎಲ್ಲಿಯವರೆಗೆ ನೀರು ಬಂದಿತ್ತು? ಊರಿನ ಹಿರಿಯರನ್ನು ಕೇಳಿ. ಹಳೆಯ ಗ್ರಾಮನಕ್ಷೆಯನ್ನು ತೆರೆಸಿ ನೋಡಿ. ಎರಡು: ಎಣಿಸಿದ್ದಕ್ಕಿಂತ ಹೆಚ್ಚು ಮಳೆ ಬಂದರೆ ಅಥವಾ ಮಳೆಯೇ ಬಾರದೆ ಹೋದರೆ ಈ ಕೆಲಸದ ಗತಿಯೇನು? ಮೂರು: ಇದರಿಂದ ಮತ್ತೊಬ್ಬರಿಗೆ ಅಪಾಯ ಹೆಚ್ಚುತ್ತದೆಯೆ? ನಮ್ಮ ಬೀದಿಯ ನೀರನ್ನು ಕೆಳಗಿನ ಕೇರಿಗೆ ತಿರುಗಿಸುವುದು ಪರಿಹಾರವಲ್ಲ. ನಾಲ್ಕು: ಕಟ್ಟಿದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು, ಅದಕ್ಕೆ ಹಣ ಎಲ್ಲಿಂದ? ಈ ನಾಲ್ಕಕ್ಕೆ ಉತ್ತರ ಬರೆದುಕೊಂಡಿದ್ದರೆ ಅದು ಯೋಜನೆ. ಇಲ್ಲದಿದ್ದರೆ ಬರಿಯ ಅಂದಾಜು ಪಟ್ಟಿ.

ವರ್ಷ ವರ್ಷವೂ ಗ್ರಾಮಸಭೆಯಲ್ಲಿ ಪಂಚಾಯಿತಿಯ ಅಭಿವೃದ್ಧಿ ಯೋಜನೆ ಓದುತ್ತಾರೆ. ಶಾಲೆಗೆ ಹೊಸ ಕೋಣೆ ಬೇಕೆಂದಾಗ, ಜಾಗ ಸುಲಭವಾಗಿ ಸಿಗುತ್ತದೆಂದು ಕೆರೆಯ ಅಂಗಳವನ್ನೋ ಹಳ್ಳದ ಅಂಚನ್ನೋ ತೋರಿಸುವುದು ಅನೇಕ ಕಡೆ ನಡೆದಿದೆ. ಅಂಥ ಕೋಣೆಯಲ್ಲಿ ಕೂರುವವರು ಮತ ಹಾಕುವ ವಯಸ್ಸಿನವರಲ್ಲ. ಜಾಗ ಆರಿಸುವ ಸಭೆಯಲ್ಲಿ ಅವರಿಗೆ ಮಾತಿಲ್ಲ. ಅವರ ಪರವಾಗಿ ನೀವು ಎದ್ದು ನಿಂತು, "ಸ್ವಾಮಿ, ದೊಡ್ಡ ಮಳೆ ಬಂದ ದಿನ ಈ ಕೋಣೆಯ ನೀರು ಯಾವ ಕಡೆ ಹೋಗುತ್ತದೆ?" ಎಂದು ಕೇಳಿ. ಉತ್ತರ ಬರುವವರೆಗೆ ಕುಳಿತುಕೊಳ್ಳಬೇಡಿ.